ಕೊಯ್ಯಲಾರೆ ಎಂದ ಡಾಕ್ಟರು

ನಮ್ಮ ಮನೆತನದಲ್ಲಿ ಕಾಲಿನ ಮೇಲೆ ಗಂಟು ಬಂದರೆ ಯಾರೂ ಹೆದರುತ್ತಿರಲಿಲ್ಲ. ಹೆದರುವುದಿರಲಿ, ಖುಷಿಪಡುತ್ತಿದ್ದರು. ಪುಣೆಯ ಸದಾಶಿವ ಪೇಠೆಯಲ್ಲಿ ವಾಡೆ ಎನ್ನುವ ಹಳೆಯ ತೊಟ್ಟಿಮನೆಯೊಂದರ ಕೆಳಗಿರುವ ನಮ್ಮ ಸೀರೆ ಅಂಗಡಿಯಲ್ಲಿ ಕುರ್ಚಿ ಎನ್ನುವುದೇ ಇರಲಿಲ್ಲ. ಬಿಳಿ ಹಾಸು ಹೊದಿಸಿದ ಗಾದಿಯ ಮೇಲೆ ಬೆಳಿಗ್ಗೆ ಕಾಲು ಮಡಚಿ ಕೂತರೆ ಮಧ್ಯಾಹ್ನ ಊಟಕ್ಕೆ ಏಳಬೇಕು, ಮತ್ತೆ ಕೂತರೆ ಅಂಗಡಿ ಮುಚ್ಚುವಾಗಲೇ. ಹೀಗೆ ವರ್ಷಗಟ್ಟಲೆ ಕೂತವರ ಹರಡಿನ, ಅಂದರೆ ಪಾದದ ಗಿಣ್ಣಿನ, ಹೊರಮಗ್ಗುಲಲ್ಲಿ ಚರ್ಮ ದಡ್ಡುಗಟ್ಟಿ, ಕಪ್ಪಾಗಿ, ಕೋಟಿನ ಗುಂಡಿಯ ಹಾಗೆ ಎದ್ದು ನಿಲ್ಲುತ್ತದೆ. ಮಾವನವರ ಎರಡೂ ಕಾಲಿಗೆ ಅದಿದೆ, ನನ್ನ ಗಂಡನಿಗೂ ಇದೆ. ಹಿಂದಿನ ಕಾಲದಲ್ಲಿ ಬಟ್ಟೆ ವ್ಯಾಪಾರದವರ ಮನೆಗೆ ಹೆಣ್ಣು ಕೊಡುವವರು ಹುಡುಗನ ಮುಖ ನೋಡುತ್ತಿರಲಿಲ್ಲ, ಹರಡು ನೋಡುತ್ತಿದ್ದರು ಎಂದು ಮಾವನವರು ಗಿರಾಕಿಗಳಿಗೆ ಹೇಳಿ ನಗಿಸುತ್ತಾರೆ. ಇದರಲ್ಲಿ ಎಷ್ಟು ನಿಜವೋ ನನಗೆ ಗೊತ್ತಿಲ್ಲ. ನನ್ನನ್ನು ಕೊಡುವಾಗ ನಮ್ಮಪ್ಪ ಏನು ನೋಡಿದರೆಂದು ನಾನು ಕೇಳಲು ಹೋಗಿಲ್ಲ.

ಮಾವನವರ ತಂದೆ ಬಾಗಲಕೋಟೆ ಕಡೆಯಿಂದ ಇಳಕಲ್ ಸೀರೆ, ಗುಳೇದಗುಡ್ಡದ ಕುಪ್ಪಸದ ಖಣ ಹೊತ್ತು ತಂದು ಇಲ್ಲಿ ಮನೆಮನೆಗೆ ಮಾರುತ್ತಿದ್ದರಂತೆ. ಆಮೇಲೆ ಈ ಅಂಗಡಿ ಹಿಡಿದರು. ನಾನು ಸೊಸೆಯಾಗಿ ಬಂದಾಗ ಗಾದಿಯ ಮೇಲೆ ಗಂಡಸರೇ ಕೂತಿರುತ್ತಿದ್ದರು. ಮೈದುನ ಊರಂಚಿನ ಕೊಂಢವಾದಲ್ಲಿ ಬೇರೆ ಅಂಗಡಿ ಹಾಕಿದ ವರ್ಷ, ದೀಪಾವಳಿ ಗಿರಾಕಿಗೆ ಕೈ ಸಾಲದೆ ನನ್ನನ್ನು ಕರೆದರು. ಹಬ್ಬ ಮುಗಿಯಿತು, ನಾನು ಏಳಲಿಲ್ಲ. ಹೆಂಗಸರು ನನ್ನ ಮುಂದೆ ಸೆರಗು ಹಾಕಿ ನೋಡುವುದಕ್ಕೆ ನಾಚುತ್ತಿರಲಿಲ್ಲ, ಚೌಕಾಶಿ ಮಾಡುವುದಕ್ಕೆ ಮಾತ್ರ ಹೆದರುತ್ತಿದ್ದರು. ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ದುರ್ಗುಣ ಎನ್ನುತ್ತಿದ್ದ ಮನೆಯವರೇ ನಾನು ಅಂಗಡಿಗೆ ಬಂದ ಮೇಲೆ ಜಾಣತನ ಎನ್ನತೊಡಗಿದರು.

ಹಾಗೆ ಕೂತು ಕೆಲವು ವರ್ಷಗಳಾದ ಮೇಲೆ ಒಂದು ದಿನ ಸ್ನಾನ ಮಾಡುವಾಗ ಬಲಗಾಲಿನ ಮೀನಖಂಡದ ಹೊರಬದಿಗೆ ಏನೋ ಗಟ್ಟಿಯಾಗಿ ಕೈಗೆ ಹತ್ತಿತು. ಒತ್ತಿ ನೋಡಿದೆ, ನೋವಿರಲಿಲ್ಲ. ಚರ್ಮ ಎಂದಿನಂತೆಯೇ ಇತ್ತು. ಕೂರುವಾಗ ಆ ಕಾಲೇ ಕೆಳಗೆ ಬರುತ್ತದೆ, ಆ ಜಾಗವೇ ಗಾದಿಗೆ ಒತ್ತುತ್ತದೆ. ನನಗೆ ಲೆಕ್ಕ ಸರಿಯಾಗಿಯೇ ಕೂಡಿತು. ಅಂದು ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ನನಗೂ ಬಂತು ಗಾದಿಯ ಗಂಟು ಎಂದು ಹೇಳಿದೆ. ಮಾವನವರಿಗೆ ಅದೆಲ್ಲಿದೆ, ಹೇಗಿದೆ ಎಂದು ಸೊಸೆಯನ್ನು ಕೇಳುವ ಹಾಗಿಲ್ಲ, ತೋರಿಸು ಎನ್ನುವ ಹಾಗೂ ಇಲ್ಲ. ಹರಡಿನ ಮೇಲೆಯೇ ಇರಬೇಕೆಂದು ಅವರು ತಿಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನ ನೀ ಖರೇ ಅಂಗಡಿಯಾಕಿ ಆದಿ ನೋಡವಾ," ಎಂದರು.

ಆ ಮಾತಿಗೆ ನಾನು ಎಷ್ಟು ಉಬ್ಬಿಹೋದೆನೆಂದರೆ ಆ ಸಂಜೆ ಮನೆಗೆ ಬಂದು ಶ್ರೀಖಂಡ ಮಾಡಿದೆ. ಅವರು ಹೊಗಳುವವರಲ್ಲ. ಅವರ ಬಾಯಿಂದ ಅಂಥ ಮಾತು ಬಂದಿದ್ದು ನನ್ನ ಕಾಲಿನ ಗಂಟಿನಿಂದ. ಅದನ್ನು ನಾನು ಡಾಕ್ಟರಿಗೆ ತೋರಿಸುವುದು ಹೇಗೆ?

ಆ ವರ್ಷ ಆಷಾಢದಲ್ಲಿ ಅಂಗಡಿಯ ನೆಲ ಕುಸಿಯಿತು. ವಾಡೆ ಹಳೆಯದು, ಕೆಳಗಿನ ಮಣ್ಣು ಸಡಿಲಾಗಿ ಗಾದಿಯ ಒಂದು ಮೂಲೆ ತಗ್ಗಿಹೋಗಿತ್ತು. ಮದುವೆ ಸೀರೆಯ ಗಿರಾಕಿ ಇಲ್ಲದ ಕಾಲವಾದ್ದರಿಂದ ಅಂಗಡಿ ಮುಚ್ಚಿ ನೆಲ ಅಗೆಸಿದೆವು. ಶ್ರಾವಣ ಅರ್ಧ ಕಳೆಯುವವರೆಗೂ ನಾವು ಯಾರೂ ಗಾದಿಯ ಮೇಲೆ ಕೂರಲಿಲ್ಲ. ಮನೆಯಲ್ಲಿ ಸೋಫಾದ ಮೇಲೆ ಕಾಲು ಇಳಿಬಿಟ್ಟು ಕೂತು ಮಾವನವರು ಬೇಸರಪಟ್ಟರು. ಅವರ ಹರಡಿನ ಚರ್ಮ ಮೆತ್ತಗಾಗಿ ಬಣ್ಣ ತಿರುಗಿತು. ಅದನ್ನು ಅವರು ಆಸ್ತಿ ಕಳೆದುಕೊಂಡವರ ಹಾಗೆ ನೋಡಿಕೊಳ್ಳುತ್ತಿದ್ದರು.

ನನ್ನದು ಮಾತ್ರ ದೊಡ್ಡದಾಗಿತ್ತು. ಅಂಗಡಿ ತೆರೆದ ದಿನ ಪೂಜೆ ಮುಗಿಸಿ ಗಾದಿಯ ಮೇಲೆ ಕಾಲು ಮಡಚಿದೆ, ಮಡಚಿದ ಕಾಲು ಸಮನಾಗಿ ಕೂರಲಿಲ್ಲ. ಕೆಳಗೆ ಯಾರೋ ನಿಂಬೆಹಣ್ಣು ಇಟ್ಟ ಹಾಗೆ ಒಂದು ಕಡೆಗೆ ವಾಲಿತು. ಕೂರದೆ ಇದ್ದಾಗ ಅವರದ್ದು ಕರಗಿದೆ, ನನ್ನದು ಬೆಳೆದಿದೆ. ಇದು ಗಾದಿಯದ್ದಲ್ಲ ಎಂದು ನನಗೆ ಆ ಕ್ಷಣವೇ ಅನಿಸಿತು. ಆದರೂ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಮುಂದೆ ದಸರಾ, ದೀಪಾವಳಿ, ಅದರ ಬೆನ್ನಿಗೆ ಲಗ್ನದ ಸೀಜನ್. ಇದಕ್ಕೆ ಈಗಲೇ ಕೊಬ್ಬು ಬಂತಲ್ಲ ಎಂದುಕೊಂಡೆ.

ಕೊಬ್ಬು ಎಂದೆನಲ್ಲ, ಅದಕ್ಕೂ ಕಾರಣವಿದೆ. ಹಿಂದೆ ನನ್ನ ಗಂಡನ ಭುಜದ ಮೇಲೆ ಒಂದು ಕೊಬ್ಬಿನ ಗಂಟು ಬಂದಿತ್ತು. ನಮ್ಮ ಗಲ್ಲಿಯ ಕೊನೆಯಲ್ಲಿ ಚಿಕ್ಕ ನರ್ಸಿಂಗ್ ಹೋಮ್ ಇಟ್ಟುಕೊಂಡಿರುವ ಸರ್ಜನ್ ಅದನ್ನು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಮಾತಾಡುತ್ತ ಮಾತಾಡುತ್ತಲೇ ತೆಗೆದು ಹಾಕಿದ್ದರು. ಇವರು ಹೊಲಿಗೆ ಹಾಕಿಸಿಕೊಂಡು ಅಲ್ಲಿಂದ ನೇರವಾಗಿ ಅಂಗಡಿಗೆ ಬಂದು ಕೂತಿದ್ದರು. ಆ ಡಾಕ್ಟರು ನಿಪ್ಪಾಣಿ ಕಡೆಯವರು. ಮನೆಯಲ್ಲಿ ಮರಾಠಿ, ನಮ್ಮೊಡನೆ ಮಾತ್ರ ಕನ್ನಡ. ಪೇಠೆಯಲ್ಲಿ ಕನ್ನಡ ಆಡುವುದಕ್ಕೆ ಅವರಿಗೆ ನಾವು ಬಿಟ್ಟರೆ ಯಾರಿದ್ದರು? ನಾನೂ ಹಾಗೆಯೇ ಬೆಳಿಗ್ಗೆ ಹೋಗಿ, ತೆಗೆಸಿಕೊಂಡು, ಊಟದ ಹೊತ್ತಿಗೆ ಅಂಗಡಿಗೆ ಬಂದುಬಿಡೋಣ ಎಂದು ಹೋದೆ. ಗಂಡನನ್ನೂ ಕರೆಯಲಿಲ್ಲ. ನಮ್ಮ ಮಾರವಾಡಿ ನೆರೆಯವಳಿಗೆ ಮಾತ್ರ ಕುಕ್ಕರ್ ಇಡಲು ಹೇಳಿದ್ದೆ.

ಡಾಕ್ಟರು ಗಂಟನ್ನು ಮುಟ್ಟುವ ಮೊದಲು ನಗುತ್ತಿದ್ದರು. ಮುಟ್ಟಿದ ಮೇಲೆ ನಗು ನಿಂತಿತು. ಕಾಲು ಸಡಿಲ ಬಿಡಿ ಎಂದರು, ಆಮೇಲೆ ಬೆರಳುಗಳನ್ನು ಮೇಲಕ್ಕೆಳೆದು ಬಿಗಿ ಹಿಡಿಯಿರಿ ಎಂದರು. ಎರಡೂ ಸಲ ಅಲುಗಾಡಿಸಿ ನೋಡಿದರು. ತೊಡೆಸಂದಿಯಲ್ಲಿ ಗಡ್ಡೆ ಏನಾದರೂ ಇದೆಯೇ ಎಂದು ನರ್ಸಿನ ಎದುರು ಪರೀಕ್ಷಿಸಿದರು. ಟೇಪು ಹುಡುಕತೊಡಗಿದಾಗ ನಾನೇ ನನ್ನ ಚೀಲದಿಂದ ತೆಗೆದು ಕೊಟ್ಟೆ. ಅಳೆದರು. ಕೈ ತೊಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂತರು.

"ಅಕ್ಕಾರ, ಇದನ್ನ ನಾ ತೆಗಿಯೂದಿಲ್ಲ."

"ಯಾಕ್ರಿ? ನಮ್ಮನಿಯವರದು ತಗದೀರಲ್ಲ?"

"ಅವರದು ಚರ್ಮದ ಕೆಳಗಿತ್ತು. ಬೆರಳಾಗ ಹಿಡದ್ರ ಜಾರತಿತ್ತು. ನಿಮ್ಮದು ಸ್ನಾಯುವಿನ ಒಳಗ ಕೂತದ. ಕಾಲು ಬಿಗಿ ಹಿಡದಾಗ ಅಲುಗಾಡಲಿಲ್ಲ. ಮತ್ತ ನಿಂಬಿಹಣ್ಣಿಗಿಂತ ದೊಡ್ಡದದ, ಬೆಳಿಯಾಕತ್ತದ. ಮೊದಲ ಎಂಆರ್‌ಐ ಮಾಡಸ್ರಿ."

"ಅದಕ್ಕ ನೋವ ಇಲ್ಲರಿ."

"ನೋವಿಲ್ಲ ಅನ್ನೂದು ಸಮಾಧಾನದ ಮಾತಲ್ಲರಿ. ಇಂಥಾವು ಭಾಳಷ್ಟು ನೋಯಂಗಿಲ್ಲ. ಅದಕ್ಕ ಮಂದಿ ತಡಾ ಮಾಡ್ತಾರ."

ಹಾಗಾದರೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಿ ಎಂದೆ. ಅದನ್ನೂ ಮಾಡುವುದಿಲ್ಲ ಎಂದರು. ಸೂಜಿ ಹೋದ ದಾರಿಯನ್ನೂ ಮುಂದೆ ಆಪರೇಷನ್ ಮಾಡುವವರು ಕತ್ತರಿಸಿ ತೆಗೆಯಬೇಕಾಗಬಹುದು, ಆದ್ದರಿಂದ ಎಲ್ಲಿ ಚುಚ್ಚಬೇಕೆಂದು ಸ್ಕ್ಯಾನ್ ನೋಡಿ ಅವರೇ ನಿರ್ಧರಿಸಬೇಕು ಎಂದರು. ನಗರದ ಒಂದು ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕ್ಯಾನ್ಸರ್ ಎಂಬ ಶಬ್ದವನ್ನು ನೋಡಿ ನನಗೆ ತಲೆ ಕೆಟ್ಟಿತು. ಕೊಯ್ಯಲು ಬಾರದಿದ್ದರೆ ಬಾರದು ಅನ್ನಬೇಕು, ಹೆದರಿಸಬಾರದು ಎಂದು ನರ್ಸಿಂಗ್ ಹೋಮಿನ ಬೋರ್ಡಿನ ಕೆಳಗೆ ನಿಂತು ಹೊರಗಿದ್ದ ಪೇಷಂಟುಗಳಿಗೆಲ್ಲ ಕೇಳುವ ಹಾಗೆ ಮರಾಠಿಯಲ್ಲಿ ಅಂದುಬಿಟ್ಟೆ.

ಮನೆಯಲ್ಲಿ ಸುದ್ದಿ ಹೇಳಿದಾಗ ಎಲ್ಲರೂ ನನ್ನ ಪರ. ನಮ್ಮ ಪೈಕಿ ಯಾರಿಗಾದರೂ ಕ್ಯಾನ್ಸರ್ ಇದೆಯೇ, ನೀನು ಎಲೆ ಅಡಿಕೆ ಕೂಡ ತಿನ್ನುವವಳಲ್ಲ ಎಂದು ಗಂಡ ಅಂದರು. ಕ್ಯಾನ್ಸರ್ ಬಾಯಿಗೆ ಬರುತ್ತದೆ, ಎದೆಗೆ ಬರುತ್ತದೆ, ರಕ್ತಕ್ಕೆ ಬರುತ್ತದೆ, ಕಾಲಿಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಮೈದುನನಿಗೆ ಫೋನು ಹೋಯಿತು. ಅವನ ಅಂಗಡಿಯ ಹತ್ತಿರ ಕೊಂಢವಾದಲ್ಲಿ ಒಬ್ಬರು ಡಾಕ್ಟರು ಇಂಥ ಗಂಟುಗಳನ್ನು ದಿನಾ ತೆಗೆಯುತ್ತಾರಂತೆ, ಸ್ಕ್ಯಾನು ಪಾನು ಏನೂ ಬೇಡವಂತೆ, ಗುರುವಾರ ಬರಲು ಹೇಳಿದ್ದಾರೆ ಎಂದ. ಗುರುವಾರ ಒಳ್ಳೆಯ ದಿನವೂ ಹೌದು. ನಾನು ಒಪ್ಪಿದೆ.

ಬುಧವಾರ ಮಧ್ಯಾಹ್ನ, ಊಟ ಮುಗಿಸಿ ಬಂದು ಕೂತಿದ್ದೆವು. ನಿಪ್ಪಾಣಿ ಡಾಕ್ಟರು ಅಂಗಡಿಯ ಮೆಟ್ಟಿಲ ಕೆಳಗೆ ಬೂಟು ಬಿಚ್ಚುತ್ತಿರುವುದು ಕಾಣಿಸಿತು. ಸ್ಕ್ಯಾನ್ ಆಯಿತೇ ಎಂದು ಕೇಳಲು ಬೆಳಿಗ್ಗೆ ನನ್ನ ಗಂಡನಿಗೆ ಫೋನು ಮಾಡಿದ್ದರಂತೆ. ಇವರು ಸಂಕೋಚವಿಲ್ಲದೆ ಗುರುವಾರದ ವಿಷಯ ಹೇಳಿಬಿಟ್ಟಿದ್ದಾರೆ. ಡಾಕ್ಟರು ಬಂದು ಗಿರಾಕಿಯ ಹಾಗೆ ಗಾದಿಯ ಮೇಲೆ ಕೂತರು. ನಮ್ಮಲ್ಲಿ ಒಂದು ರೀತಿ ಇದೆ. ಗಾದಿಯ ಮೇಲೆ ಕೂತವರು ಏನೂ ಕೊಳ್ಳದಿದ್ದರೂ ಸರಿ, ಅವರಿಗೆ ಚಹಾ ಬರಬೇಕು, ಅವರ ಮಾತು ಪೂರ್ತಿ ಕೇಳಬೇಕು. ಕೇಳದೆ ಎಬ್ಬಿಸಿದರೆ ಲಕ್ಷ್ಮಿಯನ್ನು ಎಬ್ಬಿಸಿದ ಹಾಗೆ. ಇದು ಅವರಿಗೂ ಗೊತ್ತಿತ್ತು. ನಾನು ಮುಖ ತಿರುಗಿಸಿಕೊಂಡು ಖಣಗಳನ್ನು ಮಡಚತೊಡಗಿದೆ.

ಅವರು ನನ್ನೊಡನೆ ಮಾತಾಡಲೇ ಇಲ್ಲ. ಮಾವನವರ ಹತ್ತಿರ ಸರಿದು, ನಿಮ್ಮ ಹರಡು ತೋರಿಸಿ ಎಂದರು. ಮಾವನವರು ಖುಷಿಯಿಂದಲೇ ಧೋತರ ಸರಿಸಿದರು.

"ಇದು ಚರ್ಮ ದಪ್ಪ ಆದದ್ದರಿ. ಕೂತು ಕೂತು ಬಂದದ್ದು. ಇದರಿಂದ ಏನೂ ಆಗೂದಿಲ್ಲ. ನಿಮ್ಮ ಸೊಸಿದು ಇದಲ್ಲ. ಅದು ಮೀನಖಂಡದಾಗ, ಒಳಗ ಅದ."

ಮಾವನವರು ನನ್ನ ಕಡೆ ನೋಡಿದರು. "ಮೀನಖಂಡದಾಗ?" ಎಂದರು. ಅವರಿಗೆ ಅದು ಹೊಸ ಸುದ್ದಿ.

"ಹೌದ್ರಿ. ಮೈಮ್ಯಾಲ ಗಂಟು ಬಂದವರೆಲ್ಲಾ ಅಂಜಬೇಕಂತಿಲ್ಲ. ನೂರಕ್ಕ ನೂರು ಅನ್ನೂವಷ್ಟು ಗಂಟು ಸುಮ್ಮನ ಇರ್ತಾವ, ಯಾರಿಗೂ ತ್ರಾಸ ಕೊಡೂದಿಲ್ಲ. ಇದೂ ಹಂಗ ಇರಬಹುದು. ಆದ್ರ ಬೆಳಿಯೂದು, ಒಳಗ ಗಟ್ಟಿಯಾಗಿ ಕೂತದ್ದು, ನಿಂಬಿಹಣ್ಣಿಗಿಂತ ದೊಡ್ಡದಾದದ್ದು, ಒಮ್ಮೆ ತಗದ ಮ್ಯಾಲ ತಿರುಗಿ ಬಂದದ್ದು, ಇವು ನೋಯಲಿ ಬಿಡಲಿ, ತೋರಸಬೇಕು. ನೋಡದ ಕೊಯ್ಯಬಾರದು. ಒಳಗ ಕೆಟ್ಟದ್ದಿತ್ತು ಅಂದ್ರ ಅರ್ಧಾ ಕೊಯ್ದು ಅರ್ಧಾ ಬಿಟ್ಟಂಗ ಆಗ್ತದ, ಸುತ್ತಲೂ ಹರಡತದ. ಆವಾಗ ಒಂದ ಅಂಗೈ ಅಗಲದಾಗ ಮುಗಿಯೂ ಕೆಲಸಕ್ಕ ಇಡೀ ಕಾಲು ಕೇಳ್ತದ."

"ಮತ್ತ ನಾಳೆ ಕೊಂಢವಾದಾಗ?" ಎಂದು ನನ್ನ ಗಂಡ ಶುರು ಮಾಡಿದರು.

"ನಾಳೆ ಅಲ್ಲಿ ಹೋಗಬ್ಯಾಡ್ರಿ. ಕೈ ಮುಗೀತೇನಿ," ಎಂದರು ಡಾಕ್ಟರು. ನಿಜಕ್ಕೂ ಕೈ ಮುಗಿದರು. ಒಬ್ಬ ಸರ್ಜನ್ ನಮ್ಮ ಗಾದಿಯ ಮೇಲೆ ಕೂತು ಕೈ ಮುಗಿದದ್ದನ್ನು ಕಂಡು ನಾನು ಖಣ ಮಡಚುವುದನ್ನು ಬಿಟ್ಟೆ. ಇಷ್ಟು ಹೊತ್ತೂ ಸಿಟ್ಟಿನ ಹಿಂದೆ ಅಡಗಿಕೊಂಡಿದ್ದ ಹೆದರಿಕೆ ಹೊರಗೆ ಬಂದು ಕೂತಿತು. ಚಹಾ ಬಂತು, ಅವರು ಕುಡಿದು ಎದ್ದರು. ಏನನ್ನೂ ಕೊಳ್ಳಲಿಲ್ಲ.

ಅವರು ಹೋದ ಮೇಲೆ ಮಾವನವರು ಬಟ್ಟೆ ಅಳೆಯುವ ಮೀಟರ್ ಪಟ್ಟಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ತಾವು ಅಂದು ಹೊಗಳಿದ ಮಾತಿನಿಂದಲೇ ನಾನು ತಡ ಮಾಡಿದೆನೆಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಜಾಯಮಾನ ಅವರದಲ್ಲ. "ನಾಳೆಯಿಂದ ನೀ ಅಂಗಡಿಗೆ ಬರಬ್ಯಾಡವಾ. ದವಾಖಾನಿಗೆ ಹೋಗು. ನಾ ಇದ್ದೀನಿ," ಎಂದರು. ಆ ವಯಸ್ಸಿನಲ್ಲಿ ಅವರು ನನ್ನ ಕೆಲಸವನ್ನೂ ಹೊತ್ತು ಇಡೀ ದಿನ ಗಾದಿಯ ಮೇಲೆ ಕೂತರು, ದೀಪಾವಳಿಯ ಗದ್ದಲದಲ್ಲೂ. ನನ್ನ ಬದುಕಿನಲ್ಲಿ ನನಗೆ ಯಾರಾದರೂ ಕೊಟ್ಟ ದೊಡ್ಡ ಉಡುಗೊರೆ ಅದೆಂದು ನಾನು ಈಗಲೂ ತಿಳಿದಿದ್ದೇನೆ.

ಎಂಆರ್‌ಐ ಆಯಿತು. ಆಸ್ಪತ್ರೆಯವರು ಅದನ್ನು ನೋಡಿ, ಎಲ್ಲಿ ಚುಚ್ಚಬೇಕೆಂದು ಗುರುತು ಹಾಕಿ, ದಪ್ಪ ಸೂಜಿಯಿಂದ ಚೂರು ತೆಗೆದರು. ವರದಿ ಬರುವವರೆಗಿನ ದಿನಗಳಲ್ಲಿ ನಾನು ಮನೆಯ ಪ್ರತಿ ಡಬ್ಬಿಯನ್ನೂ ತೊಳೆದು ಒಣಗಿಸಿದೆ. ಗಂಡ ಹತ್ತಿರ ಬಂದರೆ ಬೈದೆ, ದೂರ ಹೋದರೂ ಬೈದೆ. ಅವರು ಎರಡನ್ನೂ ನುಂಗಿಕೊಂಡರು.

ವರದಿ ಹೇಳಿದವರು ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ಬೆಂಗಳೂರಿನವರು, ಅವರ ಗಂಡನಿಗೆ ಖರಾಡಿಯಲ್ಲಿ ಕಂಪ್ಯೂಟರ್ ಕೆಲಸ. ನನ್ನ ಹೆಸರು ಓದಿ ಕನ್ನಡದಲ್ಲಿಯೇ ಮಾತು ಶುರು ಮಾಡಿದರು. ಅಂಥ ಸುದ್ದಿಯನ್ನು ತಾಯಿನುಡಿಯಲ್ಲಿ ಕೇಳುವುದು ಒಳ್ಳೆಯದೋ ಕೆಟ್ಟದೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಇದಕ್ಕೆ ಸಾರ್ಕೋಮಾ ಅಂತಾರೆ, ಮಾಂಸ, ಕೊಬ್ಬು, ನರ, ದೇಹವನ್ನು ಹಿಡಿದಿಟ್ಟುಕೊಳ್ಳುವ ಮೆತ್ತನೆಯ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರು, ತುಂಬಾ ಅಪರೂಪ ಎಂದರು. ಅಪರೂಪದ್ದೆಲ್ಲ ನಮ್ಮ ಮನೆಗೇ ಬರಬೇಕೆ ಎಂದು ನಾನು ಅಂದೆ. ಅವರು ನಕ್ಕರು. ನಗುವಷ್ಟಾದರೂ ಜಾಗವಿದೆ ಎಂದು ನನಗೆ ತುಸು ಧೈರ್ಯ ಬಂತು.

"ಕೂತು ಕೂತು ಬಂತೇನ್ರಿ ಇದು?" ಎಂದು ಕೇಳಿದೆ.

"ಇಲ್ಲಮ್ಮ. ಕೂತಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾಕೆ ಬರುತ್ತೆ ಅಂತ ಮುಕ್ಕಾಲು ಪಾಲು ಜನಕ್ಕೆ ನಾವು ಹೇಳೋಕಾಗಲ್ಲ. ನೀವು ಏನೂ ತಪ್ಪು ಮಾಡಿಲ್ಲ."

"ಕಾಲು ಉಳಿತದೋ ಇಲ್ಲೋ, ಅಷ್ಟ ಹೇಳ್ರಿ."

ಅವರು ಸ್ಕ್ಯಾನಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿರುಗಿಸಿ ತೋರಿಸಿದರು. ನರ ಇಲ್ಲಿದೆ, ರಕ್ತನಾಳ ಇಲ್ಲಿದೆ, ಗಂಟು ಇವೆರಡಕ್ಕೂ ಅಂಟಿಲ್ಲ. ಶ್ವಾಸಕೋಶದ ಸ್ಕ್ಯಾನಿನಲ್ಲಿಯೂ ಏನೂ ಕಾಣುತ್ತಿಲ್ಲ. "ನಿಮ್ಮ ಅದೃಷ್ಟ ಏನು ಗೊತ್ತಾ? ಇದನ್ನ ಯಾರೂ ಕೆದಕಿಲ್ಲ. ಹೊರಗಡೆ ಕೊಯ್ದು, ಉಳಿದಿದ್ದನ್ನ ಇಲ್ಲಿಗೆ ತಗೊಂಡು ಬರೋರೇ ಜಾಸ್ತಿ. ಆಗ ನಮಗೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತಾನೇ ಗೊತ್ತಾಗಲ್ಲ. ನಿಮ್ಮದು ಸುತ್ತ ಸ್ವಲ್ಪ ಒಳ್ಳೆ ಮಾಂಸ ಸೇರಿಸಿ ಇಡಿಯಾಗಿ ತೆಗೀಬಹುದು. ಕಾಲು ಉಳಿಸೋಕಾಗುತ್ತೆ ಅಂತಲೇ ನಾವು ನಂಬಿದ್ದೀವಿ," ಎಂದರು.

ಹೊರಗೆ ಬಂದು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತೆ. ಗಂಡ ನೀರಿನ ಬಾಟಲಿ ತಂದರು. ನಾನು ಅತ್ತೆ. ಕ್ಯಾನ್ಸರ್ ಬಂದಿದೆ ಎಂದು ಅತ್ತೆನೋ, ಕಾಲು ಉಳಿಯಬಹುದು ಎಂದು ಅತ್ತೆನೋ, ಬೋರ್ಡಿನ ಕೆಳಗೆ ನಿಂತು ಆ ದೇವರಂಥ ಮನುಷ್ಯನನ್ನು ಬೈದದ್ದಕ್ಕೆ ಅತ್ತೆನೋ, ಎಲ್ಲವೂ ಕೂಡಿತ್ತು. ಗುರುವಾರ ಹೋಗಿದ್ದರೆ ಎಂಬ ಮಾತನ್ನು ನಾವಿಬ್ಬರೂ ಆಡಲಿಲ್ಲ. ಇವತ್ತಿಗೂ ಆಡಿಲ್ಲ.

ಮೊದಲು ಕೆಲವು ವಾರ ರೇಡಿಯೇಷನ್, ಆಮೇಲೆ ಆಪರೇಷನ್ ಎಂದು ನಿಶ್ಚಯವಾಯಿತು. ವಾರದಲ್ಲಿ ಶನಿವಾರ, ಭಾನುವಾರ ಬಿಟ್ಟು ದಿನಾ ಹೋಗಬೇಕು. ರಿಕ್ಷಾದಲ್ಲಿ ಹೋಗಿ ಬರುವ ಹೊತ್ತು ಹೆಚ್ಚು, ಯಂತ್ರದ ಕೆಳಗೆ ಮಲಗುವ ಹೊತ್ತು ಕಡಿಮೆ. ಏನೂ ಆಗುತ್ತಿಲ್ಲವಲ್ಲ, ಯಂತ್ರ ಕೆಟ್ಟಿದೆಯೇ ಎಂದು ನಾನು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಬರಬರುತ್ತ ಚರ್ಮ ಕೆಂಪಾಗಿ ಉರಿಯತೊಡಗಿದಾಗ ಯಂತ್ರದ ಮೇಲೆ ನಂಬಿಕೆ ಬಂತು. ಬಂಧುಗಳು ಎಲೆ ಅರೆದು ಹಚ್ಚು, ಹಾಗಲಕಾಯಿ ರಸ ಕುಡಿ, ಒಬ್ಬರು ಇದ್ದಾರೆ ತಾಯಿತ ಕಟ್ಟುತ್ತಾರೆ ಎಂದು ಬೆನ್ನು ಹತ್ತಿದರು. ಕಾಲಿಗೆ ಡಾಕ್ಟರು ಹೇಳಿದ ಮುಲಾಮು ಬಿಟ್ಟು ಬೇರೇನೂ ಹಚ್ಚಲಿಲ್ಲ. ತಾಯಿತ ಮಾತ್ರ ಕಟ್ಟಿಸಿಕೊಂಡೆ, ಕೈಗೆ. ಅದರಿಂದ ಯಾರಿಗೂ ನಷ್ಟವಿರಲಿಲ್ಲ.

ಆಪರೇಷನ್ ದಿನ ಮಾವನವರು ಅಂಗಡಿ ಮುಚ್ಚಿ ಬಂದಿದ್ದರು. ನೆಲ ಅಗೆಸಿದ್ದನ್ನು ಬಿಟ್ಟರೆ, ಹಬ್ಬವಲ್ಲದ ದಿನ ಅವರು ಅಂಗಡಿ ಮುಚ್ಚಿದ್ದು ಅತ್ತೆಯವರು ತೀರಿಕೊಂಡಾಗ ಮತ್ತು ಅಂದು ಮಾತ್ರ. ನನಗೆ ಎಚ್ಚರವಾದಾಗ ಮೊದಲು ಮಾಡಿದ ಕೆಲಸ ಬಲಗಾಲಿನ ಬೆರಳುಗಳನ್ನು ಅಲುಗಾಡಿಸಲು ನೋಡಿದ್ದು. ಅಲುಗಾಡಿತೋ ಇಲ್ಲವೋ ತಿಳಿಯಲಿಲ್ಲ. ಹೊದಿಕೆ ಎತ್ತಿ ನೋಡಲು ಧೈರ್ಯವಾಗಲಿಲ್ಲ. ಗಂಡ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು. ಹೊದಿಕೆಯ ಕೆಳಗೆ ಕೈ ಹಾಕಿ ನನ್ನ ಹೆಬ್ಬೆರಳನ್ನು ಹಿಡಿದು ಚಿವುಟಿದರು. ನನಗೆ ಚುರುಕ್ಕೆಂದಿತು. ಎಲ್ಲರೆದುರು ಅವರಿಗೆ ಬೈದೆ. ಮದುವೆಯಾದ ಮೇಲೆ ಅವರು ನನ್ನ ಬೈಗುಳಕ್ಕೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಕಂಡಿಲ್ಲ.

ಗಂಟನ್ನು ಸುತ್ತಲಿನ ಮಾಂಸದ ಸಮೇತ ಇಡಿಯಾಗಿ ತೆಗೆದಿದ್ದರು. ಅಂಚುಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ಆಮೇಲೆ ವರದಿ ಬಂತು. ಮೀನಖಂಡದ ಒಂದು ಬದಿ ತಗ್ಗಾಗಿದೆ, ತೊಡೆಯ ಚರ್ಮ ತಂದು ಮುಚ್ಚಿದ್ದಾರೆ. ನಡೆಯುವುದನ್ನು ಮತ್ತೆ ಕಲಿತೆ. ವ್ಯಾಯಾಮ ಮಾಡಿಸುವ ಮರಾಠಿ ಹುಡುಗಿ ನನ್ನಷ್ಟೇ ಹಟದವಳು, ನಾನು ಒಂದು ಮಾತು ಅಂದರೆ ಅವಳು ಎರಡು ಅನ್ನುತ್ತಿದ್ದಳು. ಅವಳಿಗೂ ನಾನು ಋಣಿ. ಈಗ ಸ್ವಲ್ಪ ಕುಂಟುತ್ತೇನೆ, ಚಳಿಗಾಲದಲ್ಲಿ ಹೆಚ್ಚು. ಕೆಲವು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನಿಗೆ ಹೋಗುತ್ತೇನೆ. ಹೋಗುವ ಹಿಂದಿನ ದಿನ ಊಟ ಸೇರುವುದಿಲ್ಲ. ಏನೂ ಇಲ್ಲ ಎಂದ ಮೇಲೆ ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ವಡಾಪಾವ್ ತಿಂದು ಮನೆಗೆ ಬರುತ್ತೇವೆ.

ಅಂಗಡಿಗೆ ಹೋಗುವ ಮಾತು ಬಂದಾಗ ಕಾಲು ಮಡಚುವುದು ಆಗದು ಎಂದು ತಿಳಿಯಿತು. ನಾನು ಮನೆಯಲ್ಲೇ ಇರುತ್ತೇನೆ ಎಂದೆ. ಮಾವನವರು ಮರುದಿನ ಬೋಹರಿ ಆಳಿ ಎಂಬ ಪೇಟೆಬೀದಿಗೆ ಹೋಗಿ ಒಂದು ಕುರ್ಚಿ ತಂದು ಗಾದಿಯ ಪಕ್ಕದಲ್ಲಿ ಇಡಿಸಿದರು. ಮೂರು ತಲೆಮಾರಿನಿಂದ ಇಲ್ಲದ ಕುರ್ಚಿ. ಅಕ್ಕಪಕ್ಕದ ಅಂಗಡಿಯವರು ಬಂದು ನೋಡಿ, ಮಹಾರಾಣಿಯವರು ದರ್ಬಾರು ಶುರು ಮಾಡಿದರು ಎಂದು ಚೇಷ್ಟೆ ಮಾಡಿದರು. ಮಹಾರಾಣಿಯ ಹತ್ತಿರ ರಿಯಾಯತಿ ಇಲ್ಲ ಎಂದೆ. ಆ ಕುರ್ಚಿಯ ಮೇಲೆ ಕೂತು, ಕಾಲು ಚಾಚಿಕೊಂಡು ಸೀರೆ ತೋರಿಸುವಾಗ ಹೊಟ್ಟೆ ತುಂಬಿದ ಹಾಗಾಗುತ್ತದೆ.

ನಿಪ್ಪಾಣಿ ಡಾಕ್ಟರ ಹತ್ತಿರ ಹೋಗಲು ಮಾತ್ರ ನನಗೆ ಬಹಳ ದಿನ ಮುಖವಿರಲಿಲ್ಲ. ಕಡೆಗೆ ಒಂದು ಸಂಜೆ ಅವರ ಹೆಂಡತಿಗೆಂದು ಒಳ್ಳೆಯ ಇಳಕಲ್ ಸೀರೆ ಆರಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ ಗಲ್ಲಿಯ ಕೊನೆಯವರೆಗೆ ನಡೆದು ಹೋದೆ. ಪೇಷಂಟುಗಳು ಮುಗಿದಿದ್ದರು. ನಾನು ಒಳಗೆ ನಡೆದು ಬರುವಾಗ ಅವರು ನನ್ನ ಕಾಲನ್ನೇ ನೋಡುತ್ತಿದ್ದರು. ಸೀರೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಕೂತೆ.

"ಇದೆಲ್ಲಾ ಯಾಕ್ರಿ ಅಕ್ಕಾರ? ಮಾಡಿದವರು ಆ ಆಸ್ಪತ್ರಿಯವರು. ನಾ ಏನೂ ಮಾಡಲಿಲ್ಲ."

"ನೀವು ಏನೂ ಮಾಡಲಿಲ್ಲಲ್ಲರಿ, ಅದಕ್ಕ ಬಂದೇನಿ. ಅವತ್ತು ನಾ ಭಾಳ ಮಾತಾಡಿದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ಅವರು ನಗಲಿಲ್ಲ. ಪೊಟ್ಟಣವನ್ನು ಮುಟ್ಟಲೂ ಇಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬೈಸಿಕೊಂಡದ್ದು ಬಿಡ್ರಿ. ನಾ ಹೊಸದಾಗಿ ಈ ದವಾಖಾನಿ ಹಾಕಿದಾಗ ಒಬ್ರು ಬಂದಿದ್ರು. ತೊಡಿಯಾಗ ಗಂಟು, ನಿಮ್ಮಂಗ, ನೋವಿಲ್ಲದ್ದು. ಕೊಬ್ಬಿನ ಗಂಟು ಅಂದೆ, ತಗದೆ. ಹೊಲಿಗಿ ಭಾಳ ಛಂದ ಹಾಕಿದ್ದೆ. ತಪಾಸಣಿಗೆ ಸುದ್ದಾ ಕಳಸಲಿಲ್ಲ. ವರ್ಷದಾಗ ತಿರುಗಿ ಬಂತು. ದೊಡ್ಡ ಆಸ್ಪತ್ರಿಯವರು ಇಡೀ ಕಾಲು ತಗೀಬೇಕಾತು."

ಅವರು ಬದುಕಿದರೇ ಎಂದಷ್ಟೇ ಕೇಳಿದೆ.

"ಅದಾರ. ಇಲ್ಲೇ ಪುಣೆದಾಗ. ಹೆಂಡ್ತಿ ಮಕ್ಕಳು ಅದಾರ. ನಾ ಹೋಗಿ ನನ್ನ ತಪ್ಪು ಅಂತ ಹೇಳಿದೆ. ಹೊಡೀತಾರ ಅಂತ ತಿಳದಿದ್ದೆ. ಅವರು ಒಂದ ಮಾತಂದ್ರು. ಡಾಕ್ಟರ, ಇನ್ನ ಮುಂದ ಯಾರರ ಇಂಥಾ ಗಂಟು ತಗೊಂಡು ಬಂದ್ರ, ನನ್ನ ನೆನಸಿಕೋರಿ ಅಂದ್ರು. ನಿಮ್ಮ ಕಾಲು ಮುಟ್ಟಿದಾಗ ನೆನಸಿದೆ. ನಿಮ್ಮ ಮನಿಯವರು ಗುರುವಾರ ಅಂದಾಗ ಮತ್ತ ನೆನಸಿದೆ. ಅದಕ್ಕ ಅಂಗಡಿಗೆ ಬಂದೆ."

ನಾನು ಇಷ್ಟು ದಿನ ದೇವರಿಗೆ, ಆಸ್ಪತ್ರೆಗೆ, ಮಾವನವರಿಗೆ, ಈ ಡಾಕ್ಟರಿಗೆ ಕೈ ಮುಗಿದಿದ್ದೆ. ಮುಖ ನೋಡದ, ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯನಿಗೆ ಕೈ ಮುಗಿಯುವುದು ಬಾಕಿ ಇತ್ತು. ಎದ್ದು ಪೊಟ್ಟಣವನ್ನು ಅವರ ಕಡೆಗೆ ಸರಿಸಿದೆ. ಇದು ನಿಮ್ಮ ಮನೆಗೆ ಬೇಡ, ಅವರ ಮನೆಗೆ ಹೋಗಲಿ, ಅವರ ಹೆಂಡತಿಗೆ ಕೊಡಿ ಎಂದೆ.

"ಯಾರು ಕೊಟ್ರು ಅಂತ ಹೇಳಲಿ?" ಎಂದು ಅವರು ಕೇಳಿದರು.

"ಅವರ ಒಂದ ಮಾತಿನಿಂದ ಒಂದ ಕಾಲು ಉಳೀತರಿ," ಎಂದೆ. "ಆ ಕಾಲಿನಾಕಿ ನಡಕೋತ ಬಂದು ಕೊಟ್ಟು ಹೋದಳು ಅಂತ ಹೇಳ್ರಿ."